ಇನ್ನೆಷ್ಟು ಸೆಟ್ ಇದೆ, ಅಣ್ಣ?

ಬೆಳಿಗ್ಗೆ ಐದೂವರೆಗೆ ಶಟರ್ ಮೇಲೇಳುತ್ತದೆ. ಕೆಳಗಿನ ಮೆಡಿಕಲ್ ಸ್ಟೋರ್ ಇನ್ನೂ ತೆರೆದಿಲ್ಲ, ಪಕ್ಕದ ಹೋಟೆಲಿನಲ್ಲಿ ಇಡ್ಲಿಯ ಮೊದಲ ಒಬ್ಬೆ ಇಳಿದಿಲ್ಲ, ಹಾಲಿನ ವ್ಯಾನು ಕ್ರೇಟುಗಳನ್ನು ಇಳಿಸಿ ಮುಂದಿನ ಬೂತಿಗೆ ಹೊರಟಿದೆ. ಮೆಟ್ಟಿಲ ಮೇಲೆ ಆಗಲೇ ನಾಲ್ಕೈದು ಜನ ಕಾದು ಕೂತಿದ್ದಾರೆ. ಮೈಸೂರಿನ ಕುವೆಂಪುನಗರವಿರಲಿ, ಸರಸ್ವತಿಪುರವಿರಲಿ, ವಿಜಯನಗರವಿರಲಿ, ಒಂದೆರಡು ರಸ್ತೆ ದಾಟಿದರೆ ಯಾವುದಾದರೊಂದು ಅಂಗಡಿಯ ಮೇಲಿನ ಮಹಡಿಯಲ್ಲಿ ಇಂಥದೊಂದು ಜಿಮ್ ಸಿಗುತ್ತದೆ. ಒಳಗೆ ಟ್ಯೂಬ್‌ಲೈಟು ಮಿಣುಕಿ ಹೊತ್ತಿಕೊಂಡಾಗ ಮೊದಲು ಕಣ್ಣಿಗೆ ಬೀಳುವುದು ಆಂಜನೇಯನ ಪಟ, ಅದರ ಪಕ್ಕದಲ್ಲಿ ನಗುತ್ತಿರುವ ಅಪ್ಪು, ಪುನೀತ್ ರಾಜ್‌ಕುಮಾರ್. ಮಾಸ್ಟರ್ ಚಪ್ಪಲಿ ಬಿಟ್ಟು, ಊದುಬತ್ತಿ ಹಚ್ಚಿ, ಪಟಕ್ಕೆ ಕೈಮುಗಿದು, ಆಮೇಲೆ ಫ್ಯಾನುಗಳ ಸ್ವಿಚ್ ಹಾಕುತ್ತಾನೆ. ಊದುಬತ್ತಿಯ ಪರಿಮಳದ ಅಡಿಯಲ್ಲಿ ರಬ್ಬರ್ ಮ್ಯಾಟಿನ ವಾಸನೆ, ಕಬ್ಬಿಣದ ವಾಸನೆ, ರಾತ್ರಿಯಿಡೀ ಮುಚ್ಚಿದ ಕೋಣೆಯಲ್ಲಿ ಉಳಿದ ಬೆವರಿನ ವಾಸನೆ.

ಹಿಂದಿನ ರಾತ್ರಿಯವರು ಬಿಟ್ಟುಹೋದದ್ದೂ ಆ ಬೆಳಕಿನಲ್ಲಿ ಕಾಣುತ್ತದೆ. 10 ಕಿಲೋದ ಒಂದು ಡಂಬಲ್ ಕಿಟಕಿಯ ಕೆಳಗಿದ್ದರೆ ಅದರ ಜೋಡಿ ಕೋಣೆಯ ಆ ತುದಿಯ ಬೆಂಚಿನಡಿ ಇದೆ. ಇನ್‌ಕ್ಲೈನ್ ಬೆಂಚಿನ ಕಪ್ಪು ರೆಕ್ಸಿನ್ ಮೇಲೆ ಯಾರದೋ ಬೆನ್ನಿನ ಅಳತೆಗೆ ಸರಿಯಾಗಿ ಒಣಗಿದ ಬೆವರಿನ ಬಿಳಿ ಅಂಚು. ಖಾಲಿ ನೀರಿನ ಬಾಟಲಿಗಳು. ಲೆಗ್ ಪ್ರೆಸ್ ಮಷೀನಿನ ಎರಡು ಪಕ್ಕದಲ್ಲೂ 20 ಕಿಲೋದ ನಾಲ್ಕು ನಾಲ್ಕು ಪ್ಲೇಟು, ಒಟ್ಟು 160 ಕಿಲೋ, ಹಾಕಿದವನು ಹಾಗೇ ಬಿಟ್ಟು ಹೋಗಿದ್ದಾನೆ.

ಮೆಟ್ಟಿಲ ಮೇಲೆ ಕಾದವರಲ್ಲಿ ನಿವೃತ್ತ ಶಿಕ್ಷಕಿಯೊಬ್ಬರಿದ್ದಾರೆ. ಮಂಡಿನೋವು. ತೊಡೆಯ ಸ್ನಾಯು ಗಟ್ಟಿಯಾದಷ್ಟೂ ಮಂಡಿಗೆ ಆಸರೆ ಸಿಗುತ್ತದೆ, ಹಗುರವಾಗಿ ಲೆಗ್ ಪ್ರೆಸ್ ಮಾಡಿ ಎಂದು ಫಿಸಿಯೋಥೆರಪಿಸ್ಟ್ ಹೇಳಿದ್ದಾರೆ. ಅವರಿಗೆ ಬೇಕಾಗಿರುವುದು ಖಾಲಿ ಮಷೀನು, ಹೆಚ್ಚೆಂದರೆ ಆಚೀಚೆ ಐದೈದು ಕಿಲೋ. ಆ ಎಂಟು ಪ್ಲೇಟುಗಳನ್ನು ನೋಡಿ ಅವರು ಒಂದು ಕ್ಷಣ ನಿಲ್ಲುತ್ತಾರೆ, ಯಾರನ್ನೂ ಕರೆಯುವುದಿಲ್ಲ, ಹೋಗಿ ಸೈಕಲ್ ಮೇಲೆ ಕೂರುತ್ತಾರೆ. ಮಾಸ್ಟರ್ ಕಣ್ಣಿಗೆ ಬಿದ್ದರೆ ಓಡಿಬರುತ್ತಾನೆ: ‘ಒಂದ್ ನಿಮಿಷ ಮೇಡಂ, ಖಾಲಿ ಮಾಡ್ಕೊಡ್ತೀನಿ.’ ಮಾಸ್ಟರ್ ಗಮನಿಸದ ದಿನ ಆಕೆ ಸೈಕಲ್ ತುಳಿದು ಮನೆಗೆ ಹೋಗುತ್ತಾರೆ. ಅವತ್ತಿನ ಮಂಡಿಯ ವ್ಯಾಯಾಮ ತಪ್ಪುತ್ತದೆ.

160 ಕಿಲೋ ತಳ್ಳಬಲ್ಲವನಿಗೆ ಎಂಟು ಪ್ಲೇಟು ಇಳಿಸಿ ಸ್ಟ್ಯಾಂಡಿಗೆ ಸಿಕ್ಕಿಸುವುದು ದೊಡ್ಡ ಕೆಲಸವಲ್ಲ. ಅವನಿಗೆ ಶಕ್ತಿಯಿತ್ತು, ಹೊತ್ತೂ ಇತ್ತು. ತನ್ನ ನಂತರ ಈ ಮಷೀನಿಗೆ ಬರುವವರು ಹೇಗಿರಬಹುದು ಎಂಬ ಯೋಚನೆ ಮಾತ್ರ ಬರಲಿಲ್ಲ. ಜಿಮ್ಮಿನಲ್ಲಿ ನಾವು ಒಬ್ಬರ ಮೇಲೊಬ್ಬರು ಸಿಟ್ಟಾಗುವ ಹತ್ತು ಕಾರಣಗಳನ್ನು ಕೆದಕಿ ನೋಡಿದರೂ ತಳದಲ್ಲಿ ಸಿಗುವುದು ಇದೊಂದೇ. ತಿಂಗಳ ಫೀಸು ಕೊಟ್ಟು ನಾವು ಕೊಳ್ಳುವುದು ಸರದಿಯನ್ನು, ಸಾಮಾನನ್ನಲ್ಲ.

ಆರು ಗಂಟೆಗೆ ಹುಡುಗರು ತುಂಬುತ್ತಾರೆ. ಸೋಮವಾರವಾದರಂತೂ ಎಲ್ಲರಿಗೂ ಚೆಸ್ಟ್ ಡೇ. ಇರುವುದು ಎರಡು ಫ್ಲಾಟ್ ಬೆಂಚು, ಕಾಯುವವರು ಏಳೆಂಟು ಜನ. ಇವರಲ್ಲೊಬ್ಬ ತಿ. ನರಸೀಪುರದ ಕಡೆಯಿಂದ ಬಂದು ರೂಮು ಮಾಡಿಕೊಂಡಿರುವ ಹುಡುಗ, ಪೊಲೀಸ್ ಕಾನ್‌ಸ್ಟೇಬಲ್ ನೇಮಕಾತಿಗೆ ತಯಾರಾಗುತ್ತಿದ್ದಾನೆ. 168 ಸೆಂ.ಮೀ. ಎತ್ತರ ದೇವರು ಕೊಟ್ಟಿದ್ದಾನೆ, ಉಸಿರು ತುಂಬಿದಾಗ 86 ಸೆಂ.ಮೀ. ಮುಟ್ಟುವ ಎದೆ, ಅದರಲ್ಲಿ 5 ಸೆಂ.ಮೀ. ಹಿಗ್ಗು, ಅದನ್ನು ಅವನೇ ಮಾಡಿಕೊಳ್ಳಬೇಕು. ಎಂಟು ಗಂಟೆಗೆ ಅಂಗಡಿಯ ಕೆಲಸಕ್ಕೆ ಹೋಗಬೇಕು. ಮೊದಲ ಬೆಂಚಿನ ಮೇಲೆ ಕೂತವನ ಕೈಯಲ್ಲಿ ಫೋನಿದೆ. ಒಂದು ಸೆಟ್ ಮುಗಿಸಿ ಐದಾರು ನಿಮಿಷವಾದರೂ ಹೆಬ್ಬೆರಳು ರೀಲ್ಸ್ ಸರಿಸುತ್ತಲೇ ಇದೆ.

‘ಇನ್ನೆಷ್ಟು ಸೆಟ್ ಇದೆ, ಅಣ್ಣ?’

‘ಎರಡಿದೆ ಗುರು.’

‘ಮಧ್ಯೆ ನಾನೂ ಒಂದ್ ಸೆಟ್ ಹಾಕ್ಕೊಳ್ಳಾ?’

‘ಆಯ್ತು, ಆಯ್ತು, ಮುಗೀತು.’ ಕಣ್ಣು ಫೋನಿನಿಂದ ಮೇಲೇಳುವುದಿಲ್ಲ.

ಭಾರ ಎತ್ತುವವರಿಗೆ ಸೆಟ್‌ಗಳ ನಡುವೆ ಎರಡು ಮೂರು ನಿಮಿಷ ವಿಶ್ರಾಂತಿ ಬೇಕು, ಅದರಲ್ಲಿ ತಪ್ಪೇನೂ ಇಲ್ಲ. ಆ ಹೊತ್ತಿನಲ್ಲಿ ಬೆಂಚು ಮಾತ್ರ ಇನ್ನೊಬ್ಬರ ಉಪಯೋಗಕ್ಕೆ ಬರಬಹುದು. ಒಬ್ಬ ಏಳುವುದು, ಇನ್ನೊಬ್ಬ ಮಲಗುವುದು, ಪ್ಲೇಟು ಹೆಚ್ಚು ಕಡಿಮೆ ಮಾಡಿಕೊಳ್ಳುವಾಗ ಇಬ್ಬರೂ ಆಚೀಚೆ ನಿಂತು ಕೈ ಕೊಡುವುದು. ಹೀಗೆ ಹಂಚಿಕೊಂಡು ಮಾಡಿದವರು ಒಂದೇ ವಾರದಲ್ಲಿ ಹೆಸರು ಹಿಡಿದು ಮಾತಾಡಿಸುವಷ್ಟು ಹತ್ತಿರವಾದದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಟವೆಲ್ ಹಾಸಿ ಬೆಂಚು ಹಿಡಿದು, ಮಧ್ಯೆ ಕೇಬಲ್ ಮಷೀನಿಗೂ ಬಾಟಲಿ ಇಟ್ಟು, ಎರಡನ್ನೂ ತನ್ನದೆಂದು ಸುತ್ತುವವನಿಗೆ ಈ ಸ್ನೇಹ ಸಿಗುವುದಿಲ್ಲ. ಮುಂಜಾನೆಯ ಖಾಲಿ ಜಿಮ್ಮಿನಲ್ಲಿ ಹಾಗೆ ಎರಡು ಮಷೀನು ಬಳಸುವುದಕ್ಕೆ ಯಾರ ತಕರಾರೂ ಇಲ್ಲ. ಸಂಜೆ ಏಳು ಗಂಟೆಗೆ ಅದು ಅನ್ಯಾಯ.

ಈ ಊರಿಗೆ ಸಾಮು ಮಾಡುವ ಮನೆ ಹೊಸದಲ್ಲ. ಮೈಸೂರಿನ ಹಳೆಯ ಮೊಹಲ್ಲಾಗಳಲ್ಲಿ ಗರಡಿಮನೆಗಳು ಇವತ್ತಿಗೂ ಇವೆ, ದಸರಾ ಹತ್ತಿರವಾದಂತೆ ಅಲ್ಲಿ ತಾಲೀಮಿನ ಸದ್ದು ಏರುತ್ತದೆ. ತಗ್ಗು ಬಾಗಿಲು, ಬಗ್ಗಿಯೇ ಒಳಗೆ ಹೋಗಬೇಕು. ಪಾದರಕ್ಷೆ ಹೊರಗೆ. ಎಣ್ಣೆ, ಅರಿಶಿನ ಸೇರಿಸಿ ಹದ ಮಾಡಿದ ಕೆಂಪು ಮಟ್ಟಿ ಮಣ್ಣು. ಇಳಿಯುವ ಮೊದಲು ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಮಣ್ಣು ಅಗೆದು ಸಡಿಲ ಮಾಡುವುದು ಕುಸ್ತಿ ಕಲಿಯುವವರದೇ ಕೆಲಸ, ಅದೇ ಮೈಕಸುವಿನ ಮೊದಲ ಪಾಠ. ಗದೆ ತಿರುಗಿಸಿದವನು ಅದನ್ನು ತಂದು ಗೋಡೆಯ ಹತ್ತಿರ ಅದರ ಜಾಗದಲ್ಲೇ ನಿಲ್ಲಿಸಬೇಕು. ಉಸ್ತಾದ್ ಮೂಲೆಯಲ್ಲಿ ಕೂತಿರುತ್ತಾರೆ, ಮಾತು ಕಡಿಮೆ, ಒಂದು ನೋಟ ಸಾಕು. ಆ ಮಟ್ಟಿಯಲ್ಲಿ ಇವತ್ತು ಬಿದ್ದವನು ನಾಳೆಯೂ ಅದರಲ್ಲೇ ಬೀಳಬೇಕು, ಅವನ ಜೊತೆಗಾರನೂ ಅದರಲ್ಲೇ ಬೀಳಬೇಕು. ಮಣ್ಣಿನಲ್ಲಿ ಒಂದು ಕಲ್ಲು ಉಳಿದರೆ ಯಾರ ಬೆನ್ನಿಗಾದರೂ ಚುಚ್ಚೀತು. ಅಲ್ಲಿನ ಶಿಸ್ತು ಹುಟ್ಟಿರುವುದು ಇಂಥ ಕಾರಣಗಳಿಂದ.

ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆ ನಡೆಸಿದ ಕೆ.ವಿ. ಅಯ್ಯರ್ ಅವರೇ ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನು ಬರೆದವರು ಎಂಬುದು ಈಗಿನ ಹುಡುಗರಲ್ಲಿ ಅನೇಕರಿಗೆ ಗೊತ್ತಿಲ್ಲ. ದೇಹ ಬೆಳೆಸುವುದನ್ನು ಅವರು ಅಂಚೆಯ ಮೂಲಕವೂ ಕಲಿಸಿದರು, ಪುಸ್ತಕ ಬರೆದೂ ಕಲಿಸಿದರು. ಮೈ ಕಟ್ಟುವುದಕ್ಕೂ ನಯವಾಗಿ ಬದುಕುವುದಕ್ಕೂ ಎಣ್ಣೆ ಸೀಗೇಕಾಯಿ ಸಂಬಂಧ ಎನ್ನುವವರಿಗೆ ನಾನು ತೋರಿಸುವುದು ಅವರ ಹೆಸರನ್ನೇ.

ಬೆವರಿನ ವಿಷಯಕ್ಕೆ ಬರೋಣ, ಏಕೆಂದರೆ ಜಿಮ್ಮಿನ ಜಗಳಗಳಲ್ಲಿ ಹೆಚ್ಚಿನವು ಬಾಯಿಗೆ ಬಾರದೆ ಮೂಗಿನಲ್ಲೇ ಉಳಿಯುತ್ತವೆ. ಮೈಯಿಂದ ಹೊರಬರುವ ಬೆವರಿಗೆ ಹೆಚ್ಚುಕಡಿಮೆ ವಾಸನೆಯೇ ಇಲ್ಲ. ಚರ್ಮದ ಮೇಲಿನ, ಬಟ್ಟೆಯ ಮೇಲಿನ ಬ್ಯಾಕ್ಟೀರಿಯಾಗಳು ಅದನ್ನು ಒಡೆದಾಗ ನಾತ ಹುಟ್ಟುತ್ತದೆ. ಹಾಗಾಗಿ ಬೆವರುವುದು ತಪ್ಪಲ್ಲ. ನಿನ್ನೆಯ ಬನಿಯನ್ನನ್ನು ಬ್ಯಾಗಿನಲ್ಲೇ ಮುದುಡಿಟ್ಟು ಇವತ್ತೂ ಹಾಕಿಕೊಂಡು ಬರುವುದು ತಪ್ಪು. ಅದನ್ನು ಮುಚ್ಚಲು ಬಾಗಿಲ ಹತ್ತಿರ ನಿಂತು ಬುಸ್ ಎಂದು ಸ್ಪ್ರೇ ಹೊಡೆದುಕೊಳ್ಳುವುದು ಇನ್ನೂ ತಪ್ಪು. ಟ್ರೆಡ್‌ಮಿಲ್ ಮೇಲೆ ಬಾಯಿ ತೆರೆದು ಉಸಿರೆಳೆಯುತ್ತಿರುವವರಲ್ಲಿ ಅಸ್ತಮಾ ಇರುವವರೂ ಇರುತ್ತಾರೆ. ಹುಳುಕಡ್ಡಿ ಚರ್ಮದಿಂದ ಚರ್ಮಕ್ಕೆ ಹರಡುವಂತೆ ಟವೆಲಿನಿಂದಲೂ, ಒರೆಸದ ಬೆಂಚಿನಿಂದಲೂ ಹರಡಬಹುದು. ಪಕ್ಕದವರ ಟವೆಲ್ ಕೇಳಿ ಮುಖ ಒರೆಸಿಕೊಳ್ಳುವ ಸಲಿಗೆ ನಮ್ಮಲ್ಲಿ ಬಹಳ. ಆ ಸಲಿಗೆ ಬೇಡ.

ಒರೆಸುವುದು ನಮಗೆ ಬಾರದ ವಿದ್ಯೆಯೇನಲ್ಲ. ಕೊರೊನಾ ಕಾಲದಲ್ಲಿ ಬಾಗಿಲು ಹಾಕಿದ್ದ ಜಿಮ್‌ಗಳಿಗೆ ಮತ್ತೆ ತೆರೆಯಲು ಅನುಮತಿ ಸಿಕ್ಕಿದ್ದು 2020ರ ಆಗಸ್ಟ್ 5ರಿಂದ. ಒಬ್ಬೊಬ್ಬರಿಗೆ 4 ಚದರ ಮೀಟರ್ ಜಾಗ ಎಂದು ಲೆಕ್ಕ ಹಾಕಿ ಕೇಂದ್ರ ಸರ್ಕಾರ ಸೂಚನೆ ಕೊಟ್ಟಿತ್ತು. ನೆಲದ ಮೇಲೆ ಹಳದಿ ಟೇಪಿನ ಚೌಕಗಳು ಬಂದವು, ಪ್ರತಿ ಕಂಬಕ್ಕೂ ಒಂದು ಸ್ಪ್ರೇ ಬಾಟಲಿ, ಒಂದು ಬಟ್ಟೆ. ಎಲ್ಲರೂ ಒರೆಸಿದರು. ಮಷೀನಿನಿಂದ ಏಳುವಾಗ ಕೈ ತಾನಾಗಿ ಬಾಟಲಿಯ ಕಡೆ ಹೋಗುತ್ತಿತ್ತು. ಭಯ ಕಳೆದ ಮೇಲೆ ಟೇಪು ಕಿತ್ತುಹೋಯಿತು. ಬಾಟಲಿ ಈಗಲೂ ತೂಗುತ್ತಿದೆ, ಅದರಲ್ಲಿ ಏನೂ ಇಲ್ಲ.

ಹತ್ತು ಹತ್ತೂವರೆಗೆ ಕೋಣೆಯ ಬಣ್ಣವೇ ಬದಲಾಗುತ್ತದೆ. ಬಡಾವಣೆಯ ಜಿಮ್‌ಗಳಲ್ಲಿ ಅದು ಲೇಡೀಸ್ ಬ್ಯಾಚಿನ ಹೊತ್ತು. ಮಕ್ಕಳನ್ನು ಶಾಲೆಗೆ ಕಳಿಸಿ, ಗಂಡನ ಡಬ್ಬಿ ಕಟ್ಟಿ, ಕುಕ್ಕರ್ ಇಳಿಸಿ ಬಂದವರು. ಚೂಡಿದಾರದ ಮೇಲೆ ಸ್ಪೋರ್ಟ್ಸ್ ಶೂ, ಕೆಲವರ ತಲೆಯಲ್ಲಿ ಇನ್ನೂ ಬೆಳಗಿನ ಪೂಜೆಯ ಹೂವು. ಹಾಡಿನ ಸದ್ದು ಇಳಿಯುತ್ತದೆ, ಮಾತಿನ ಸದ್ದು ಏರುತ್ತದೆ. ಇಬ್ಬರು ಟ್ರೆಡ್‌ಮಿಲ್ ಮೇಲೆ ನಿಧಾನ ನಡೆಯುತ್ತಾ ಮದುವೆಯೊಂದರ ಸಮಾಚಾರ ಮುಗಿಸುವ ಹೊತ್ತಿಗೆ ಹಿಂದೆ ಮೂವರು ಕಾದಿರುತ್ತಾರೆ. ಕಾಯಿಸುವ ಅಭ್ಯಾಸ ಗಂಡಸರ ಸ್ವತ್ತೇನೂ ಅಲ್ಲ. ಆದರೆ ಈ ಹೊತ್ತಿನಲ್ಲೇ ಏಕೆ ಬರುತ್ತೀರಿ ಎಂದು ಕೇಳಿದರೆ ಅವರು ಕೊಡುವ ಉತ್ತರ ಕೇಳಿ ತಲೆ ತಗ್ಗುತ್ತದೆ. ಸಂಜೆ ಬಂದರೆ ನೋಡುತ್ತಾರೆ. ಎದುರಿನ ಕನ್ನಡಿಯಲ್ಲಿ ನೋಡುತ್ತಾರೆ, ಫೋನ್ ಎತ್ತಿ ಹಿಡಿದಂತೆ ಮಾಡಿ ನೋಡುತ್ತಾರೆ. ಕೇಳದಿದ್ದರೂ ಬಂದು ‘ಹಾಗಲ್ಲ ಮೇಡಂ, ಬೆನ್ನು ನೇರ ಇಡಿ’ ಎಂದು ತೋರಿಸಲು ಕೈ ಚಾಚುತ್ತಾರೆ. ತಾನೇ ಆರು ತಿಂಗಳ ಹಿಂದೆ ಸೇರಿದವನು ಹೆಂಗಸು ಕಂಡ ಕೂಡಲೇ ಮಾಸ್ಟರ್ ಆಗುತ್ತಾನೆ. ಅಪಾಯ ಕಂಡರೆ ಹೇಳಬೇಕು, ನಿಜ. ಅದನ್ನು ಮಾಸ್ಟರ್‌ಗೆ ಹೇಳಿದರೆ ಸಾಕು. ಮುಟ್ಟುವ ಹಕ್ಕು ಯಾರಿಗೂ ಇಲ್ಲ.

ದಪ್ಪಗಿರುವವರಿಗೆ ಸಿಗುವ ಉಪದೇಶವಂತೂ ಇದಕ್ಕಿಂತ ಕ್ರೂರ. ‘ಎಷ್ಟ್ ದಿನ ಆಯ್ತು ಸರ್ ಬರೋಕೆ ಶುರು ಮಾಡಿ? ಇನ್ನೂ ಹಂಗೇ ಇದೀರಲ್ಲ’ ಎಂದು ನಗುನಗುತ್ತಲೇ ಕೇಳುತ್ತಾರೆ. ಕೇಳಿದವನು ಮರೆತುಬಿಡುತ್ತಾನೆ. ಕೇಳಿಸಿಕೊಂಡವರು ಮೊದಲು ಹೊತ್ತು ಬದಲಿಸುತ್ತಾರೆ, ಆಮೇಲೆ ಬರುವುದನ್ನೇ ಬಿಡುತ್ತಾರೆ. ಹೊಸ ವರ್ಷದ ಮೊದಲ ವಾರ ತುಂಬಿ ತುಳುಕಿದ ಜಿಮ್ ಶಿವರಾತ್ರಿಯ ಹೊತ್ತಿಗೆ ಖಾಲಿಯಾಗುವುದಕ್ಕೆ ಸೋಮಾರಿತನ ಒಂದೇ ಕಾರಣವಲ್ಲ. ಹೊಸಬರನ್ನು ನಿಲ್ಲಿಸಿಕೊಳ್ಳುವಂತೆ ಹಳಬರು ನಡೆದುಕೊಳ್ಳುವುದಿಲ್ಲ ಎಂಬುದೂ ಒಂದು ಕಾರಣ.

ಸಂಜೆ ಆರರ ಮೇಲೆ ಈ ಕೋಣೆಗೆ ಬಂದು ನಿಲ್ಲಿ. ಸ್ಪೀಕರಿನಲ್ಲಿ ಕೆಜಿಎಫ್‌ನ ಅಬ್ಬರ, ಅದರ ಮೇಲೆ ಕಬ್ಬಿಣದ ಅಬ್ಬರ. ಕನ್ನಡಿಯ ಮುಂದೆ ಸಾಲಾಗಿ ತೋಳು ಉಬ್ಬಿಸುತ್ತಿರುವವರು. ಡಂಬಲ್ ಸ್ಟ್ಯಾಂಡಿಗೆ ಅಂಟಿಕೊಂಡೇ ನಿಂತು ಎತ್ತುವ ಒಬ್ಬನಿಂದ ಹಿಂದಿರುವ ನಾಲ್ವರಿಗೆ ಡಂಬಲ್ ಕೈಗೆಟುಕುವುದಿಲ್ಲ. ಎರಡು ಹೆಜ್ಜೆ ಹಿಂದೆ ಸರಿದರೆ ಸಾಕಿತ್ತು. ಸ್ಕ್ವಾಟ್ ಮಾಡಲೆಂದೇ ಇರುವ ಒಂದೇ ಒಂದು ರ್ಯಾಕಿನೊಳಗೆ ನಿಂತು ಇನ್ನೊಬ್ಬ ಬೈಸೆಪ್ಸ್ ಮಾಡುತ್ತಿದ್ದಾನೆ. ಅತ್ತ ಡೆಡ್‌ಲಿಫ್ಟ್ ಮಾಡಿದವನು ರಾಡನ್ನು ಸೊಂಟದೆತ್ತರದಿಂದ ಕೈಬಿಡುತ್ತಾನೆ. ಢಣ್! ಕಟ್ಟಡ ಅದುರುತ್ತದೆ. ಕೆಳಗೆ ಮೆಡಿಕಲ್ ಸ್ಟೋರಿನಲ್ಲಿ ಮಾತ್ರೆ ಎಣಿಸುತ್ತಿರುವವರು ತಲೆಯೆತ್ತಿ ಸೂರು ನೋಡುತ್ತಾರೆ. ಎತ್ತರದಿಂದ ಬೀಳಿಸಲೆಂದೇ ತಯಾರಾದ ರಬ್ಬರ್ ಬಂಪರ್ ಪ್ಲೇಟುಗಳು ಬೇರೆ, ಅವಕ್ಕೆ ಹಾಸುವ ಮರದ, ರಬ್ಬರಿನ ವೇದಿಕೆ ಬೇರೆ. ಟೈಲ್ಸ್ ಮೇಲೆ ತೆಳ್ಳನೆ ಮ್ಯಾಟು ಹಾಸಿದ ಮಹಡಿಗೆ ಕಬ್ಬಿಣದ ಪ್ಲೇಟು ಬಿದ್ದರೆ ಟೈಲ್ಸ್ ಸೀಳುತ್ತದೆ. ಎತ್ತಿ ಒಗೆದ ಡಂಬಲಿನ ತಲೆ ಸಡಿಲವಾಗುತ್ತದೆ, ಒಂದು ದಿನ ಅದು ಯಾರದೋ ಮುಖದ ಮೇಲೆ ಕಳಚಿ ಬೀಳಬಹುದು.

ಇಂಥ ಅಪಾಯಗಳನ್ನು ನಾವು ಶಿಷ್ಟಾಚಾರದ ಮಾತೆಂದು ಹಗುರವಾಗಿ ನೋಡುತ್ತೇವೆ. ಸ್ಟ್ಯಾಂಡಿನ ಮೇಲಿರುವ ರಾಡಿನ ಒಂದೇ ಪಕ್ಕದ ಪ್ಲೇಟುಗಳನ್ನೆಲ್ಲ ತೆಗೆದುಬಿಟ್ಟರೆ ಇನ್ನೊಂದು ಪಕ್ಕದ ಭಾರಕ್ಕೆ ರಾಡ್ ಸಟ್ಟನೆ ಮಗುಚುತ್ತದೆ; ಆ ತುದಿಯಲ್ಲಿ ನಿಂತವರಿಗೆ ತಪ್ಪಿಸಿಕೊಳ್ಳಲು ಹೊತ್ತಿರುವುದಿಲ್ಲ. ‘ಸಪೋರ್ಟ್ ಕೊಡು ಮಗಾ’ ಎಂದು ಕರೆಸಿಕೊಂಡವನು ಒಂದು ಕೈಯಲ್ಲಿ ಫೋನ್ ಹಿಡಿದು, ಗೆಳೆಯನ ವಿಡಿಯೋ ಮಾಡುತ್ತಾ, ಇನ್ನೊಂದು ಕೈಯ ಎರಡು ಬೆರಳನ್ನು ರಾಡಿಗೆ ತಾಗಿಸಿರುತ್ತಾನೆ. ಸುತ್ತ ನಿಂತವರು ‘ಇನ್ನೊಂದು! ಇನ್ನೊಂದು!’ ಎಂದು ಕೂಗುತ್ತಾರೆ. ಕೆಳಗೆ ಮಲಗಿದವನ ಮುಖ ಕೆಂಪೇರಿ, ಉಸಿರು ಕಟ್ಟಿ, ಕೈ ನಡುಗುತ್ತಿರುತ್ತದೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ನಮ್ಮ ಜಿಮ್‌ಗಳಲ್ಲಿ ಕೆಲವು ಕಾಲ ಈ ಕೂಗು ನಿಂತಿತ್ತು. ಎದೆ ಬಿಗಿದರೆ ನಿಲ್ಲಿಸಿ, ತಲೆ ಸುತ್ತಿದರೆ ಕೂತುಕೊಳ್ಳಿ, ಡಾಕ್ಟರಿಗೆ ತೋರಿಸಿ ಎಂದು ಮಾಸ್ಟರ್‌ಗಳು ಬಾಯಿಬಿಟ್ಟು ಹೇಳುತ್ತಿದ್ದರು. ಹುಡುಗರು ಕೇಳುತ್ತಿದ್ದರು. ಇನ್ನೊಬ್ಬನ ದೇಹ ಸಾಕು ಎಂದಾಗ ಸಾಕು ಎನ್ನಲು ಬಿಡುವುದು ಅವನಿಗೆ ಸಲ್ಲಿಸಬೇಕಾದ ಗೌರವ.

ವಿಡಿಯೋದ ಮಾತು ಬಂತು. ಟ್ರೈಪಾಡ್ ನಿಲ್ಲಿಸಿ ರೀಲ್ಸ್ ಮಾಡುವವರು ಈಗ ಎಲ್ಲ ಜಿಮ್ಮಿನಲ್ಲೂ ಇದ್ದಾರೆ. ತನ್ನ ಬೆನ್ನು ಬಾಗುತ್ತಿದೆಯೇ ಎಂದು ನೋಡಿಕೊಳ್ಳಲು ತೆಗೆದುಕೊಳ್ಳುವ ವಿಡಿಯೋ ಉಪಯೋಗದ್ದೇ. ಆದರೆ ಚೌಕಟ್ಟಿನೊಳಗೆ ಹಿಂದೆ ಬಗ್ಗಿದವರು, ಏದುಸಿರು ಬಿಡುತ್ತಿರುವವರು, ಮೈಗಂಟಿದ ಬಟ್ಟೆ ಸರಿಪಡಿಸಿಕೊಳ್ಳುತ್ತಿರುವವರೂ ಬೀಳುತ್ತಾರೆ. ಅವರನ್ನು ಯಾರೂ ಕೇಳಿರುವುದಿಲ್ಲ. ಕ್ಯಾಮೆರಾ ಗೋಡೆಯ ಕಡೆ ತಿರುಗಿಸಿಕೊಳ್ಳಿ, ಇಲ್ಲವೇ ಕೇಳಿ ತೆಗೆಯಿರಿ.

ಮಹಡಿಯ ಜಿಮ್ಮಿಗೆ ಫೀಸು ಕೊಡಲಾಗದವರಿಗೆ, ಕೊಡಲು ಮನಸ್ಸಿಲ್ಲದವರಿಗೆ ಪಾರ್ಕಿನ ಓಪನ್ ಜಿಮ್ ಇದೆ. ನೀಲಿ, ಹಳದಿ ಬಣ್ಣದ ಕಬ್ಬಿಣದ ಸಲಕರಣೆಗಳು, ಹೊಂಗೆ ಮರದ ನೆರಳು. ಅಲ್ಲಿ ಪ್ಲೇಟುಗಳಿಲ್ಲ, ನಮ್ಮ ಮೈಭಾರವೇ ಭಾರ. ಪಂಚೆ ಎತ್ತಿಕಟ್ಟಿದ ಹಿರಿಯರೊಬ್ಬರು ಏರ್ ವಾಕರ್ ಮೇಲೆ ಕಾಲು ಬೀಸುತ್ತಾ ಇದ್ದವರು, ಹತ್ತಿರ ಯಾರಾದರೂ ಸುಳಿದ ಕೂಡಲೇ ‘ಬನ್ನಿ ಅಮ್ಮ, ನಂದಾಯ್ತು’ ಎಂದು ಇಳಿಯುತ್ತಾರೆ. ಅವರದಿನ್ನೂ ಆಗಿಲ್ಲ ಎಂಬುದು ನೋಡಿದವರಿಗೆ ಗೊತ್ತು. ಅಲ್ಲೇ ಪಕ್ಕದಲ್ಲಿ ಲೆಗ್ ಪ್ರೆಸ್ ಸೀಟುಗಳ ಮೇಲೆ ಹರಟೆಗೆ ಕೂತವರೂ ಇರುತ್ತಾರೆ, ಕಲ್ಲುಬೆಂಚು ನಾಲ್ಕು ಹೆಜ್ಜೆ ದೂರದಲ್ಲಿ ಖಾಲಿ ಇರುತ್ತದೆ. ಮಕ್ಕಳನ್ನು ಅವುಗಳ ಮೇಲೆ ಜೋತಾಡಲು ಬಿಟ್ಟು ದೂರ ನಡೆಯುವ ತಂದೆತಾಯಿಗಳಿಗೆ ಒಂದು ಮಾತು: ಅವು ದೊಡ್ಡವರ ಅಳತೆಗೆ ಮಾಡಿದ ಸಲಕರಣೆಗಳು, ತಿರುಗುವ ಕೀಲುಗಳ ನಡುವೆ ಚಿಕ್ಕ ಬೆರಳು ಸಿಕ್ಕಿಕೊಳ್ಳುತ್ತದೆ.

ವರ್ಷದಲ್ಲಿ ಒಂದು ದಿನ ಮಹಡಿಯ ಜಿಮ್ ಬೇರೆಯೇ ಆಗಿ ಕಾಣುತ್ತದೆ. ಆಯುಧಪೂಜೆಯ ಮುನ್ನಾದಿನ ಹುಡುಗರೇ ಬಕೆಟ್ ಹಿಡಿದು ಬರುತ್ತಾರೆ. ಒಬ್ಬೊಬ್ಬರು ಒಂದೊಂದು ಮಷೀನು ಹಂಚಿಕೊಂಡು ಉಜ್ಜುತ್ತಾರೆ, ಕೇಬಲ್ಲಿಗೆ ಎಣ್ಣೆ ಬಿಡುತ್ತಾರೆ, ಸಡಿಲವಾದ ಬೋಲ್ಟು ಬಿಗಿಯುತ್ತಾರೆ. ಡಂಬಲ್‌ಗಳು ತೂಕದ ಪ್ರಕಾರ, ಜೋಡಿ ಜೋಡಿಯಾಗಿ, ಸಾಲಿನಲ್ಲಿ ಕೂರುತ್ತವೆ. ಮರುದಿನ ಪ್ರತಿಯೊಂದಕ್ಕೂ ಅರಿಶಿನ ಕುಂಕುಮ, ಚೆಂಡುಹೂವು, ಬಾಗಿಲಿಗೆ ಬಾಳೆಕಂದು. ಬೂದುಗುಂಬಳ ಒಡೆದು, ಚೂರನ್ನು ಬದಿಗೆ ಸರಿಸಿ, ಕಡ್ಲೆಪುರಿ ಹಂಚುತ್ತಾರೆ. ಮಂಡಿನೋವಿನ ಮೇಡಂ ಬರುತ್ತಾರೆ, ಕಾನ್‌ಸ್ಟೇಬಲ್ ಆಗಬೇಕಾದ ಹುಡುಗ ಅವರಿಗೆ ಕುರ್ಚಿ ತಂದು ಹಾಕುತ್ತಾನೆ. ಅವತ್ತು ಡಂಬಲನ್ನು ಯಾರೂ ಎಸೆಯುವುದಿಲ್ಲ. ದಾಟುವಾಗಲೂ ಕಾಲು ತಾಗದಂತೆ ಹೆಜ್ಜೆ ಎತ್ತಿಡುತ್ತಾರೆ, ತಾಗಿದರೆ ಮುಟ್ಟಿ ನಮಸ್ಕಾರ ಮಾಡಿಕೊಳ್ಳುತ್ತಾರೆ. ಆ ಹುಡುಗರೇ ನಾಡಿದ್ದೂ ಬರುವವರು. ಅವರಿಗೆ ಗೊತ್ತಿಲ್ಲದ್ದು ಏನೂ ಇಲ್ಲ, ಯಾರಾದರೂ ನೆನಪಿಸುತ್ತಿರಬೇಕು.

ನೆನಪಿಸುವವರು ಯಾರು ಎಂಬುದೇ ಪ್ರಶ್ನೆ. ಗರಡಿಯಲ್ಲಿ ಉಸ್ತಾದ್ ಇದ್ದರು, ಅವರ ಮಾತಿಗೆ ಎದುರಾಡುವವರಿರಲಿಲ್ಲ. ಜಿಮ್ಮಿನ ಮಾಲೀಕನಿಗೆ ಬಾಡಿಗೆ ಕಟ್ಟಬೇಕು, ಮಷೀನಿನ ಸಾಲದ ಕಂತು ಕಟ್ಟಬೇಕು. ಒಬ್ಬನಿಗೆ ಗದರಿದರೆ ಅವನ ಜೊತೆ ಐದು ಜನ ಪಕ್ಕದ ರಸ್ತೆಯ ಜಿಮ್ಮಿಗೆ ಹೋಗುತ್ತಾರೆಂಬ ಹೆದರಿಕೆ. ಮಾಸ್ಟರ್ ಕಡಿಮೆ ಸಂಬಳದ ಹುಡುಗ, ತನಗಿಂತ ದೊಡ್ಡವರಿಗೆ ಏನು ಹೇಳಿಯಾನು? ಹಾಗಾಗಿ ಗೋಡೆಯ ಮೇಲೊಂದು ಇಂಗ್ಲಿಷ್ ಬೋರ್ಡು ತೂಗುಹಾಕಿ ಎಲ್ಲರೂ ಸುಮ್ಮನಾಗುತ್ತಾರೆ. ಹೇಳದೆ ಹೋದ ಮೇಡಂ ಬರುವುದು ಬಿಟ್ಟಾಗ ಆದ ನಷ್ಟ ಮಾತ್ರ ಯಾರ ಲೆಕ್ಕಕ್ಕೂ ಬರುವುದಿಲ್ಲ.

ಜಿಮ್ ನಡೆಸುವವರಲ್ಲಿ ನನ್ನದೊಂದು ಕೇಳಿಕೆ. ಹೊಸಬರು ಫೀಸು ಕಟ್ಟಿದ ದಿನ ರಸೀದಿ ಕೊಡುವ ಮೊದಲು ಐದು ನಿಮಿಷ ಜೊತೆಗೆ ನಡೆದು ಎಲ್ಲವನ್ನೂ ತೋರಿಸಿ: ಯಾವ ಪ್ಲೇಟು ಎಲ್ಲಿ ಇಡಬೇಕು, ಬೆಂಚು ಯಾವ ಬಟ್ಟೆಯಿಂದ ಒರೆಸಬೇಕು, ಸಪೋರ್ಟ್ ಹೇಗೆ ಕೊಡಬೇಕು. ಕನ್ನಡದಲ್ಲಿ ಹೇಳಿ, ಬಾಯಿಮಾತಿನಲ್ಲಿ ಹೇಳಿ. ಆಮೇಲೆ ತಪ್ಪಿದವರನ್ನು ನಾಲ್ಕು ಜನರ ಮುಂದೆ ಬಯ್ಯದೆ ಪಕ್ಕಕ್ಕೆ ಕರೆದು ತಿದ್ದಲು ನಿಮ್ಮ ಮಾಸ್ಟರ್‌ಗೆ ಅಧಿಕಾರ ಕೊಡಿ, ಅವನ ಬೆನ್ನಿಗೆ ನಿಲ್ಲಿ. ಆ ಸ್ಪ್ರೇ ಬಾಟಲಿಯನ್ನೂ ತುಂಬಿಸಿ.